‘ನಮ್ಮ ಮಗು ಏನೂ ತಿನ್ನುವುದಿಲ್ಲ’

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆ ವಿದ್ಯಾರ್ಥಿಗಳ ಮತ್ತು ಪೋಷಕರ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನ್ ಮಾಡಿದಾಗ ‘ನೀವು ಸಾಫ್ಟ್‌ವೇರಿನವರಲ್ವಾ, ಎ.ಐ. ಬಗ್ಗೆ ಸ್ವಲ್ಪ ಮಾತಾಡಿ’ ಅಂದರು. ನಾನು ಯೋಚನೆ ಮಾಡಿದೆ. ನಮ್ಮ ಬ್ಯಾಚಿನದ್ದೊಂದು ವಾಟ್ಸಾಪ್ ಗುಂಪು ಉಂಟು. ಅದರಲ್ಲಿ ದುಬೈಯವರು ಇದ್ದಾರೆ, ಮುಂಬೈಯವರು ಇದ್ದಾರೆ, ಊರಲ್ಲೇ ಅಂಗಡಿ ಇಟ್ಟವರು, ರಿಕ್ಷಾ ಓಡಿಸುವವರು, ಟೀಚರ್ ಆದವರು ಎಲ್ಲ ಇದ್ದಾರೆ. ಅಲ್ಲಿ ಎ.ಐ. ಬಗ್ಗೆ ಯಾರೂ ಮಾತಾಡುವುದು ನಾನು ನೋಡಿಲ್ಲ. ಮಾತಾಡುವುದು ಒಂದೇ: ‘ನಮ್ಮ ಮಗು ಏನೂ ತಿನ್ನುವುದಿಲ್ಲ ಮಾರಾಯ್ತಿ, ಎಂತ ಮಾಡುದು?’ ಹಾಗಾಗಿ ಅದೇ ವಿಷಯ ಆರಿಸಿಕೊಂಡೆ. ನಾನು ಡಾಕ್ಟರ್ ಅಲ್ಲ, ಬಿ.ಇ. ಮಾಡಿದವ. ಒಂದು ಮಗುವಿನ ಅಪ್ಪನಾಗಿ ನೋಡಿದ್ದು, ಮಕ್ಕಳ ಡಾಕ್ಟರ ಹತ್ತಿರ ಕೇಳಿದ್ದು, ಓದಿದ್ದು, ಇಷ್ಟನ್ನೇ ಹೇಳುತ್ತೇನೆ.

ಮೊದಲು ಒಂದು ಲೆಕ್ಕ. ಹುಟ್ಟುವಾಗ ಮಗು ಸುಮಾರು 3 ಕಿಲೋ ಇರುತ್ತದೆ. ಒಂದು ವರ್ಷಕ್ಕೆ ಅದರ ಮೂರು ಪಾಲು, ಅಂದರೆ 9 ಕಿಲೋದ ಆಸುಪಾಸು. ಹನ್ನೆರಡು ತಿಂಗಳಲ್ಲಿ ಆರು ಕಿಲೋ! ಎರಡನೇ ವರ್ಷದಲ್ಲಿ ಎಷ್ಟು ಏರುತ್ತದೆ? ಎರಡು, ಎರಡೂವರೆ ಕಿಲೋ. ಆಮೇಲೆ ಶಾಲೆಗೆ ಹೋಗುವವರೆಗೆ ವರ್ಷಕ್ಕೆ ಸುಮಾರು ಎರಡು. ಬೆಳವಣಿಗೆಯ ಓಟವೇ ನಿಧಾನವಾದಾಗ ಹಸಿವೂ ತಗ್ಗುತ್ತದೆ. ಆದರೆ ನಮ್ಮ ಕಣ್ಣಿಗೆ ಹತ್ತು ತಿಂಗಳಲ್ಲಿ ಬಟ್ಟಲು ಖಾಲಿ ಮಾಡುತ್ತಿದ್ದ ಮಗುವೇ ಕೂತಿರುತ್ತದೆ. ‘ಮೊದಲು ಎಷ್ಟು ಚೆಂದ ತಿನ್ನುತ್ತಿತ್ತು, ಈಗ ಯಾರ ದೃಷ್ಟಿ ಬಿತ್ತೋ’ ಅನ್ನುತ್ತೇವೆ. ಉಪ್ಪು ಮೆಣಸು ನಿವಾಳಿಸುತ್ತೇವೆ. ನಿವಾಳಿಸಿ, ಬೇಡ ಅನ್ನುವುದಿಲ್ಲ. ಆದರೆ ಹೆಚ್ಚಿನ ಮಕ್ಕಳಲ್ಲಿ ಅದು ದೃಷ್ಟಿಯೂ ಅಲ್ಲ, ರೋಗವೂ ಅಲ್ಲ, ವಯಸ್ಸು.

ಅದೇ ವಯಸ್ಸಿಗೆ ಇನ್ನೊಂದು ಸೇರಿಕೊಳ್ಳುತ್ತದೆ. ಎರಡರಿಂದ ಐದಾರು ವರ್ಷದವರೆಗೆ ಮಕ್ಕಳಿಗೆ ಹೊಸ ತಿನಿಸನ್ನು ಕಂಡರೆ ಅನುಮಾನ. ಹಸಿರು ಕಂಡರೆ ಬೇಡ, ಕಹಿಯಂತೂ ಬೇಡವೇ ಬೇಡ. ನಡೆಯಲು ಕಲಿತ ಮಗು ಅಂಗಳದಲ್ಲಿ ಸಿಕ್ಕಿದ ಎಲೆ, ಕಾಯಿ ಎಲ್ಲ ಬಾಯಿಗೆ ಹಾಕಿಕೊಂಡರೆ ಏನಾದೀತು? ಕಾಡಿನಲ್ಲಿ ಬದುಕಿದ ಕಾಲದ ಕಾವಲು ಅದು ಎಂದು ತಿಳಿದವರು ಹೇಳುತ್ತಾರೆ. ನಮ್ಮ ಬಸಳೆ, ಹರಿವೆಯ ದುರದೃಷ್ಟ, ಆ ಕಾವಲಿಗೆ ಅವೂ ಸಿಕ್ಕಿಬೀಳುತ್ತವೆ.

ಈಗ ನಮ್ಮ ಮನೆಯ ವಿಷಯ ಸ್ವಲ್ಪ ಹೇಳುತ್ತೇನೆ. ಮಗಳಿಗೆ ಎರಡೂವರೆ ವರ್ಷ ಆಗುವಾಗ ಅಮ್ಮ ಊರಿನಿಂದ ಬೆಂಗಳೂರಿಗೆ ಬಂದು ನಮ್ಮ ಜೊತೆ ಇದ್ದರು. ಸಂಜೆ ನಾವಿಬ್ಬರೂ ಕೆಲಸ ಮುಗಿಸಿದರೆ ಸಾಕು, ಅಮ್ಮನ ದೂರು: ‘ಬೆಳಿಗ್ಗೆಯಿಂದ ಒಂದು ತುತ್ತು ಹೋಗಿಲ್ಲ ಮಗಾ ಇವಳಿಗೆ.’ ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಉಂಟು. ಪ್ರೋಗ್ರಾಂ ಕೆಟ್ಟಿದೆ ಎಂದು ಯಾರಾದರೂ ಹೇಳಿದ ಕೂಡಲೇ ರಿಪೇರಿಗೆ ಕೈ ಹಾಕುವುದಿಲ್ಲ. ಮೊದಲು ಲಾಗ್ ನೋಡುತ್ತೇವೆ, ಅಂದರೆ ನಿಜವಾಗಿ ಏನು ನಡೆಯಿತು ಎಂಬ ದಾಖಲೆ. ಹಾಗೆ ಒಂದು ವಾರ ಅಡುಗೆಮನೆಯ ಗೋಡೆಗೆ ಹಾಳೆ ಅಂಟಿಸಿದೆವು. ಬಾಯಿಗೆ ಹೋದದ್ದೆಲ್ಲ, ಗಂಟೆ ಸಮೇತ ಬರೆಯುವುದು. ಅಮ್ಮ ಕನ್ನಡದಲ್ಲಿ ಬರೆದರು, ನಾನು ರಾತ್ರಿ ಅದನ್ನು ಎಕ್ಸೆಲ್‌ಗೆ ಹಾಕಿದೆ. (ಹೆಂಡತಿ ನಕ್ಕಳು, ಅದು ಬೇರೆ ವಿಷಯ.)

ಎರಡು ಸಂಗತಿ ಕಂಡಿತು. ಬುಧವಾರ ನಿಜವಾಗಿಯೂ ಅರ್ಧ ನೀರುದೋಸೆ, ನಾಲ್ಕು ಚಮಚ ಅನ್ನ, ಅಷ್ಟೇ. ಆದರೆ ಗುರುವಾರ ಎರಡು ಇಡ್ಲಿ, ಬಾಳೆಹಣ್ಣು, ಎರಡು ಹೊತ್ತು ಅನ್ನ ಸಾರು, ಸಂಜೆ ಅವಲಕ್ಕಿ! ಒಂದೊಂದು ಹೊತ್ತು ನೋಡಿದರೆ ಹೆದರಿಕೆ ಆಗುತ್ತದೆ, ವಾರ ಕೂಡಿಸಿದರೆ ಸರಿಯೇ ಇತ್ತು. ಆಮೇಲೆ ಓದಿದಾಗ ಗೊತ್ತಾಯಿತು, 1991ರಲ್ಲೇ ಅಮೆರಿಕದಲ್ಲಿ ಲಿಯಾನ್ ಬರ್ಚ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಯವರು ಎರಡರಿಂದ ಐದು ವರ್ಷದ ಮಕ್ಕಳ ಊಟವನ್ನು ಹೀಗೇ ಅಳೆದು ನೋಡಿದ್ದರು. ಒಂದು ಊಟಕ್ಕೂ ಇನ್ನೊಂದಕ್ಕೂ ಅಜಗಜಾಂತರ, ದಿನದ ಒಟ್ಟು ಮೊತ್ತ ಮಾತ್ರ ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ ಕಡಿಮೆಯಾದದ್ದನ್ನು ಮಕ್ಕಳು ಸಂಜೆ ತಾವೇ ತುಂಬಿಸಿಕೊಳ್ಳುತ್ತಾರೆ.

ಎರಡನೆಯದು, ಗಂಟೆಯ ಕಾಲಂ. ಒಂಬತ್ತಕ್ಕೆ ಬಿಸ್ಕತ್ತು, ಒಂಬತ್ತು ಮುಕ್ಕಾಲಕ್ಕೆ ಹಾಲು, ಹತ್ತೂವರೆಗೆ ಬಾಳೆಹಣ್ಣಿನ ತುಂಡು, ಹನ್ನೊಂದೂವರೆಗೆ ‘ಇಷ್ಟಾದರೂ ತಿನ್ನಲಿ’ ಎಂದು ಇನ್ನೊಂದು ಬಿಸ್ಕತ್ತು. ಹನ್ನೆರಡೂವರೆಗೆ ಅನ್ನದ ಬಟ್ಟಲು ಬಂದರೆ ಯಾರಿಗೆ ಹಸಿವು? ನಮಗೂ ಇರಲಿಕ್ಕಿಲ್ಲ. ಮೂರು ಊಟ, ನಡುವೆ ಎರಡು ಸಣ್ಣ ತಿಂಡಿ, ಎರಡರಿಂದ ಮೂರು ಗಂಟೆಯ ಅಂತರ, ಮಧ್ಯೆ ನೀರು ಮಾತ್ರ. ಇದನ್ನು ಅಮ್ಮನೇ ಜಾರಿಗೆ ತಂದರು. ಹಾಳೆಯನ್ನು ಅವರೇ ಬರೆದಿದ್ದರಿಂದ ನಾನು ಏನೂ ವಾದ ಮಾಡಬೇಕಾಗಲಿಲ್ಲ.

ಆದರೆ ಎಲ್ಲ ಕಡೆ ಇಷ್ಟು ಸಲೀಸಾಗಿ ಮುಗಿಯುವುದಿಲ್ಲ. ಅದಕ್ಕೇ ಈ ಮಾತು ಹೇಳಲು ನಿಂತದ್ದು. ನನ್ನ ಸಂಬಂಧದ ಅಕ್ಕನೊಬ್ಬಳ ಮಗ, ಎರಡು ವರ್ಷ ದಾಟಿದ್ದ. ‘ಊಟ ಮಾಡುವುದಿಲ್ಲ, ಹಾಲಾದರೂ ಕುಡಿಯುತ್ತಾನಲ್ಲ’ ಎಂದು ಸಮಾಧಾನ. ಬಾಟಲಿಯಲ್ಲಿ ದಿನಕ್ಕೆ ಐದು ಸಲ ಹಾಲು, ಹತ್ತಿರ ಹತ್ತಿರ ಒಂದು ಲೀಟರ್. ನೋಡಲು ಬೆಳ್ಳಗೆ, ಗುಂಡುಗುಂಡಗೆ. ‘ಬಣ್ಣ ಅಪ್ಪನದ್ದು’ ಎಂದು ಎಲ್ಲರೂ ಖುಷಿಪಟ್ಟರು. ಅವನು ಗೋಡೆಯ ಸುಣ್ಣ ಕೆರೆದು ತಿನ್ನಲು ಶುರು ಮಾಡಿದ ಮೇಲೆ ಡಾಕ್ಟರ ಹತ್ತಿರ ಹೋದರು. ರಕ್ತ ಪರೀಕ್ಷೆ ಮಾಡಿದರೆ ಹಿಮೋಗ್ಲೋಬಿನ್ 7. ಆ ವಯಸ್ಸಿಗೆ 11 ಆದರೂ ಇರಬೇಕು. ಬೆಳ್ಳಗೆ ಕಂಡದ್ದು ಅಪ್ಪನ ಬಣ್ಣ ಅಲ್ಲ, ರಕ್ತ ಕಡಿಮೆ ಆದದ್ದು.

ಡಾಕ್ಟರು ಒಂದು ಚೀಟಿಯ ಹಿಂದೆ ಲೆಕ್ಕ ಬರೆದು ತೋರಿಸಿದರಂತೆ. 100 ಎಂ.ಎಲ್. ಹಾಲಿಗೆ ಸುಮಾರು 60 ಕ್ಯಾಲೊರಿ, ಒಂದು ಲೀಟರಿಗೆ 600. ಒಂದರಿಂದ ಮೂರು ವರ್ಷದ ಮಗುವಿಗೆ ಇಡೀ ದಿನಕ್ಕೆ ಬೇಕಾದದ್ದೇ ಹೆಚ್ಚುಕಡಿಮೆ 1000. ಹೊಟ್ಟೆಯ ಅರ್ಧಕ್ಕಿಂತ ಹೆಚ್ಚು ಹಾಲಿನಿಂದ ತುಂಬಿತು, ಅನ್ನಕ್ಕೆ ಜಾಗ ಎಲ್ಲಿ? ಹಾಲಿನಲ್ಲಿ ಸುಣ್ಣದ ಅಂಶ ಉಂಟು, ಪ್ರೋಟೀನ್ ಉಂಟು, ಕಬ್ಬಿಣ ಮಾತ್ರ ಇಲ್ಲದಷ್ಟು ಕಡಿಮೆ. ಅದರ ಮೇಲೆ ಬೇರೆ ಆಹಾರದ ಕಬ್ಬಿಣ ಮೈಗೆ ಹತ್ತುವುದನ್ನೂ ಅದು ತಗ್ಗಿಸುತ್ತದೆ. ಕಬ್ಬಿಣ ಕಡಿಮೆಯಾದರೆ ಹಸಿವೂ ಹೋಗುತ್ತದೆ. ಹಸಿವಿಲ್ಲ ಎಂದು ಮತ್ತೆ ಹಾಲು. ನಮ್ಮ ಭಾಷೆಯಲ್ಲಿ ಇದನ್ನು ಇನ್‌ಫಿನಿಟ್ ಲೂಪ್ ಎನ್ನುತ್ತೇವೆ, ಹೊರಗಿನಿಂದ ಯಾರಾದರೂ ನಿಲ್ಲಿಸದಿದ್ದರೆ ತನ್ನಷ್ಟಕ್ಕೆ ನಿಲ್ಲುವುದಿಲ್ಲ. ಕಬ್ಬಿಣದ ಸಿರಪ್ ಕೊಟ್ಟರು, ಬಾಟಲಿ ಬಿಡಿಸಿ ಲೋಟ ಹಿಡಿಸಿದರು, ಹಾಲನ್ನು ದಿನಕ್ಕೆ ಎರಡು ಲೋಟಕ್ಕೆ ಇಳಿಸಿದರು. ಮೊದಲ ನಾಲ್ಕು ದಿನ ಮನೆ ರಣರಂಗ. ಎರಡು ತಿಂಗಳಲ್ಲಿ ಹುಡುಗ ಗಂಜಿ, ಪಲ್ಯ ತಾನೇ ಕೇಳಿ ತಿನ್ನತೊಡಗಿದ.

ಇದು ಒಂದು ಮನೆಯ ಕಥೆ ಅಂತ ತಿಳಿಯಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65 ಮಕ್ಕಳಿಗೆ ರಕ್ತಹೀನತೆ. ಕಾರಣ ಹಾಲೊಂದೇ ಅಲ್ಲ, ಹುಳದ ಬಾಧೆ, ತಾಯಿಗೇ ರಕ್ತ ಕಡಿಮೆ ಇರುವುದು, ಬರೇ ಅನ್ನ ಸಾರಿನ ಊಟ, ಎಲ್ಲ ಸೇರಿದೆ. ಆಶಾ ಕಾರ್ಯಕರ್ತೆಯರು ಮನೆಗೆ ತಂದುಕೊಡುವ ಕಬ್ಬಿಣದ ಸಿರಪ್ ಕಪಾಟಿನ ಮೇಲೆ ಧೂಳು ಹಿಡಿದು ಕೂತದ್ದನ್ನು ನಾನೇ ಎಷ್ಟೋ ಕಡೆ ನೋಡಿದ್ದೇನೆ. ವಾರಕ್ಕೆ ಎರಡು ಸಲ ಒಂದೊಂದು ಎಂ.ಎಲ್., ಅಷ್ಟೇ. ಮಲ ಕಪ್ಪಾಗುತ್ತದೆ ಎಂದು ಹೆದರಿ ನಿಲ್ಲಿಸಬೇಡಿ, ಅದು ಕಬ್ಬಿಣದ ಬಣ್ಣ. ಹುಳದ ಮಾತ್ರೆಯ ದಿನ ಅಂಗನವಾಡಿ ತಪ್ಪಿಸಬೇಡಿ.

ಹಾಲೇ ಕೆಟ್ಟದ್ದು ಎಂದು ನಾನು ಹೇಳಿದೆ ಅಂತ ಹೊರಗೆ ಸುದ್ದಿ ಮಾಡಬೇಡಿ ಮತ್ತೆ! 2013ರಲ್ಲಿ ಕ್ಷೀರಭಾಗ್ಯ ಶುರುವಾದಾಗ ಶಾಲೆಯ ಮಕ್ಕಳಿಗೆ ನಿಗದಿ ಮಾಡಿದ್ದು 150 ಎಂ.ಎಲ್. ಹಾಲು ಊಟದ ಜೊತೆಗಿರಬೇಕು, ಊಟದ ಜಾಗದಲ್ಲಲ್ಲ. ಅದಕ್ಕೆ ಬೆರೆಸುವ ಚಾಕಲೇಟು ಪುಡಿಗಳನ್ನು ‘ಹೆಲ್ತ್ ಡ್ರಿಂಕ್’ ಎಂಬ ಹೆಸರಿನಡಿ ಮಾರಬೇಡಿ ಎಂದು 2024ರ ಏಪ್ರಿಲಿನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವೇ ಆನ್‌ಲೈನ್ ಅಂಗಡಿಗಳಿಗೆ ಸೂಚನೆ ಕೊಟ್ಟಿತು. ಡಬ್ಬದ ಹಿಂದೆ ಸಣ್ಣ ಅಕ್ಷರದಲ್ಲಿ ಸಕ್ಕರೆ ಎಷ್ಟು ಎಂದು ಬರೆದಿರುತ್ತದೆ. ಹತ್ತನೇ ಕ್ಲಾಸಿನ ಮಕ್ಕಳೇ, ಇವತ್ತು ಮನೆಗೆ ಹೋಗಿ ಅದನ್ನು ಓದಿ ಅಜ್ಜಿಗೆ ಹೇಳಿ.

ಇನ್ನು ಒತ್ತಾಯದ ವಿಷಯ. ಮೂಗು ಹಿಡಿದು ಬಾಯಿ ತೆರೆಸುವುದು, ‘ತಿನ್ನದಿದ್ದರೆ ಪೊಲೀಸ್ ಬರ್ತಾರೆ’ ಎನ್ನುವುದು, ಮೊಬೈಲಿನಲ್ಲಿ ಕಾರ್ಟೂನ್ ಹಾಕಿ ಮಗು ಬಾಯಿ ತೆರೆದಾಗೆಲ್ಲ ತುರುಕುವುದು. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ಉಂಟು, ಶಿಶುವಿಹಾರದ ಮಕ್ಕಳಿಗೆ ಸೂಪ್ ಕೊಟ್ಟು ಮಾಡಿದ್ದು. ಕೆಲವು ಸಲ ‘ಸೂಪ್ ಮುಗಿಸು’ ಎಂದು ಪದೇ ಪದೇ ಹೇಳಿದರು, ಕೆಲವು ಸಲ ಸುಮ್ಮನಿದ್ದರು. ಹೇಳಿಸಿಕೊಂಡಾಗ ಮಕ್ಕಳು ಕುಡಿದದ್ದು ಕಡಿಮೆ, ಸೂಪನ್ನು ಬೈದದ್ದು ಹೆಚ್ಚು. ಲಂಚವೂ ಹಾಗೆಯೇ. ‘ಪಲ್ಯ ತಿಂದರೆ ಚಾಕಲೇಟು’ ಎಂದರೆ ಮಗು ಕಲಿಯುವ ಪಾಠ ಇದು: ಪಲ್ಯ ಎಂದರೆ ಶಿಕ್ಷೆ, ಚಾಕಲೇಟು ಎಂದರೆ ಬಹುಮಾನ.

ನಮ್ಮ ಅಜ್ಜಿಯಂದಿರು ಕಾಗೆ ತೋರಿಸಿ, ಬಸ್ಸು ತೋರಿಸಿ ಉಣಿಸುತ್ತಿರಲಿಲ್ಲವಾ ಎಂದು ಕೇಳಬಹುದು. ನನ್ನ ಮಟ್ಟಿಗೆ ಅದೂ ಇದೂ ಒಂದೇ ಅಲ್ಲ. ಕಾಗೆ ತೋರಿಸುವ ಅಜ್ಜಿ ಮಗುವಿನ ಮುಖ ನೋಡುತ್ತಿರುತ್ತಾರೆ, ಅದು ತಲೆ ತಿರುಗಿಸಿದರೆ ‘ಸಾಕಾಯ್ತು ಇವನಿಗೆ’ ಎಂದು ಉಳಿದದ್ದನ್ನು ಕಾಗೆಗೇ ಹಾಕುತ್ತಾರೆ. ಮೊಬೈಲಿನ ಮುಂದೆ ಕೂತ ಮಗುವಿಗೆ ತನ್ನ ಹೊಟ್ಟೆ ತುಂಬಿದ್ದು ತನಗೇ ಗೊತ್ತಾಗುವುದಿಲ್ಲ.

ಎಲಿನ್ ಸಾಟರ್ ಎಂಬ ಅಮೆರಿಕದ ಆಹಾರತಜ್ಞೆ 1980ರ ದಶಕದಲ್ಲಿ ಕೆಲಸವನ್ನು ಎರಡು ಪಾಲು ಮಾಡಿದರು. ಏನು ಬಡಿಸುವುದು, ಯಾವ ಹೊತ್ತಿಗೆ, ಎಲ್ಲಿ ಕೂತು ಎನ್ನುವುದು ದೊಡ್ಡವರ ಜವಾಬ್ದಾರಿ. ಅದರಲ್ಲಿ ಎಷ್ಟು ತಿನ್ನಬೇಕು, ತಿನ್ನಬೇಕೋ ಬೇಡವೋ ಎನ್ನುವುದು ಮಗುವಿನ ಪಾಲು. ಜಗಳ ಆಗುವುದು ನಾವು ಅವರ ಪಾಲಿಗೆ, ಅವರು ನಮ್ಮ ಪಾಲಿಗೆ ಕೈ ಹಾಕಿದಾಗ. ಮೂರು ವರ್ಷದವಳು ‘ನೂಡಲ್ಸ್ ಬೇಕು’ ಎಂದಾಗ ಎದ್ದುಹೋಗಿ ಮಾಡಿಕೊಟ್ಟರೆ ಅಡುಗೆಮನೆಯ ಯಜಮಾನಿ ಯಾರು? ಬೇರೆ ಅಡುಗೆ ಬೇಡ. ಆದರೆ ಬಟ್ಟಲಿನಲ್ಲಿ ಅವಳಿಗೆ ಒಪ್ಪುವ ಒಂದಾದರೂ ಇರಲಿ, ಮೊಸರನ್ನವೋ ಬಾಳೆಹಣ್ಣೋ. ಪಕ್ಕದಲ್ಲಿ ಹೊಸದು ಒಂದು ಚಮಚ, ಉಗುರಿನಷ್ಟಾದರೂ ಸಾಕು. ಇಪ್ಪತ್ತು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ. ಆಮೇಲೆ ಬೈಯದೆ ಬಟ್ಟಲು ಎತ್ತಿಬಿಡಿ.

ಹೊಸ ತಿನಿಸು ಒಪ್ಪಿಗೆಯಾಗಲು ಎಂಟರಿಂದ ಹದಿನೈದು ಸಲ ಬಟ್ಟಲಿಗೆ ಬರಬೇಕಾಗಬಹುದು ಎನ್ನುತ್ತಾರೆ. ನಾವು ಮೂರನೇ ಸಲಕ್ಕೆ ‘ಅವನಿಗೆ ಆಗುವುದಿಲ್ಲ’ ಎಂದು ಷರಾ ಬರೆದುಬಿಡುತ್ತೇವೆ. ಮುಟ್ಟಿದ್ದು, ಮೂಸಿದ್ದು, ನೆಕ್ಕಿ ಉಗುಳಿದ್ದು ಎಲ್ಲವೂ ಲೆಕ್ಕಕ್ಕೆ ಉಂಟು. ನನ್ನ ಮಗಳು ಬದನೆ ಎಂದರೆ ಮುಖ ತಿರುಗಿಸುತ್ತಿದ್ದಳು. ಒಂದು ರಜೆಯಲ್ಲಿ ಮಟ್ಟುವಿಗೆ ಕರೆದುಕೊಂಡು ಹೋಗಿ ಗುಳ್ಳದ ಗದ್ದೆ ತೋರಿಸಿದೆವು. ವಾದಿರಾಜರು ಕೊಟ್ಟ ಬೀಜ ಎಂದು ನಾವೆಲ್ಲ ನಂಬುವ, 2011ರಲ್ಲಿ ಜಿ.ಐ. ಮಾನ್ಯತೆ ಪಡೆದ ಅದೇ ಮಟ್ಟು ಗುಳ್ಳ. ಚೆಂಡಿನ ಹಾಗೆ ಇದ್ದದ್ದನ್ನು ಅವಳೇ ಎತ್ತಿಕೊಂಡು ಬಂದಳು. ಆ ದಿನ ತಿನ್ನಲಿಲ್ಲ. ಮರುದಿನವೂ ಇಲ್ಲ. ನಾಲ್ಕನೇ ದಿನ ಸಾಂಬಾರಿನ ಹೋಳನ್ನು ‘ನನ್ನ ಚೆಂಡು’ ಎಂದು ತಿಂದಳು. ಬೇರೆ ಬದನೆ ಈಗಲೂ ತಿನ್ನುವುದಿಲ್ಲ, ಅದು ಅವಳ ಪಾಲು.

ನಮ್ಮೂರಿನಲ್ಲಿ ಇದಕ್ಕಿಂತ ದೊಡ್ಡ ಪ್ರಯೋಗ ವರ್ಷಕ್ಕೊಮ್ಮೆ ನಡೆಯುತ್ತದೆ. ಆಟಿ ಅಮಾವಾಸ್ಯೆ. ಬೆಳಕು ಹರಿಯುವ ಮೊದಲು ತಂದ ಹಾಲೆ ಮರದ ತೊಗಟೆಯ ಕಷಾಯ. ಅದಕ್ಕಿಂತ ಕಹಿಯಾದದ್ದು ಭೂಮಿಯ ಮೇಲೆ ಇನ್ನೇನಿದೆ? ಆದರೂ ಪಾಯಸವನ್ನೇ ಬೇಡ ಎನ್ನುವ ಹುಡುಗ ಆ ದಿನ ಒಂದು ಗುಟುಕು ಕುಡಿಯುತ್ತಾನೆ. ಯಾಕೆ? ಅಜ್ಜ ಕುಡಿದರು, ಅಪ್ಪ ಕುಡಿದರು, ಪಕ್ಕದ ಮನೆಯವನೂ ಕುಡಿದ, ಹಿಂದೆಯೇ ಮೆಂತೆ ಗಂಜಿ ಬರುತ್ತದೆ. ಯಾರೂ ಅವನಿಗೆ ‘ಆರೋಗ್ಯಕ್ಕೆ ಒಳ್ಳೆಯದು’ ಎಂದು ಭಾಷಣ ಮಾಡುವುದಿಲ್ಲ. (ಮರ ಗೊತ್ತಿದ್ದವರೇ ತೊಗಟೆ ತರಬೇಕು, ಅದು ಮಾತ್ರ ನೆನಪಿರಲಿ.) ಬ್ರಹ್ಮಕಲಶದ ಊಟಕ್ಕೆ ಸಾಲಿನಲ್ಲಿ ಕೂತ ಮಗು, ಬಿಸಿಯೂಟದ ತಟ್ಟೆ ಹಿಡಿದು ಗೆಳೆಯರ ನಡುವೆ ಕೂತ ಮಗು, ಇವರೆಲ್ಲ ಮನೆಯಲ್ಲಿ ಮುಟ್ಟದ ಪಲ್ಯ ತಿನ್ನುವುದನ್ನು ನಮ್ಮ ಅಡುಗೆಯ ಅಕ್ಕಂದಿರು ದಿನಾ ನೋಡುತ್ತಾರೆ. ನಾವು ಓದುವಾಗ ಹೈಸ್ಕೂಲಿಗೆ ಬಿಸಿಯೂಟ ಬಂದಿರಲಿಲ್ಲ. ಬುತ್ತಿಯ ಮುಚ್ಚಳದಲ್ಲಿ ಒಬ್ಬರ ಚಟ್ನಿ ಇನ್ನೊಬ್ಬರಿಗೆ ಹೋಗುತ್ತಿತ್ತು. ಒಣಮೀನಿನ ಚಟ್ನಿಯವನು, ತಿಮರೆ ಚಟ್ನಿಯವನು, ಬರೇ ಉಪ್ಪಿನಕಾಯಿಯವನು ಒಂದೇ ಸುತ್ತಿನಲ್ಲಿ ಕೂರುತ್ತಿದ್ದೆವು. ನಾನು ಹಾಗಲಕಾಯಿ ತಿನ್ನಲು ಕಲಿತದ್ದು ಆ ಜಗಲಿಯಲ್ಲಿ.

ಹಾಗಾಗಿ ಮಗುವಿನ ಊಟದಲ್ಲಿ ಮನೆಯ ಗಂಡಸರ ಪಾಲೂ ಉಂಟು. ಅಪ್ಪ ಬಟ್ಟಲಿನಿಂದ ಹರಿವೆ ಎತ್ತಿ ಬದಿಗಿಟ್ಟು, ಮಗನಿಗೆ ‘ತಿನ್ನು’ ಎಂದರೆ ಅವನು ಕೈಯನ್ನು ನೋಡುತ್ತಾನೆ, ಬಾಯಿಯನ್ನಲ್ಲ. ಇನ್ನೊಂದು ಮಾತು, ಅತ್ತೆಯಂದಿರು ಬೇಸರ ಮಾಡಬಾರದು. ಮಗು ಸಪೂರ ಇದ್ದರೆ ಮದುವೆ ಮನೆಯಲ್ಲಿ ಹತ್ತು ಜನ ಕೇಳುವುದು ಸೊಸೆಯನ್ನು: ‘ಎಂತ, ಮಗುವಿಗೆ ಏನೂ ಕೊಡುವುದಿಲ್ಲವಾ?’ ಆ ಮಾತು ಕೇಳಿ ಬಂದ ರಾತ್ರಿಯೇ ಒತ್ತಾಯದ ತುತ್ತು ಶುರುವಾಗುವುದು. ಬೀಡಿ ಕಟ್ಟಿ, ಗೇರುಬೀಜದ ಫ್ಯಾಕ್ಟರಿಗೆ ಹೋಗಿ, ಮೀನು ಮಾರಿ ಸಂಜೆ ಬರುವ ತಾಯಿಗೆ ಐದು ರೂಪಾಯಿಯ ಪ್ಯಾಕೆಟ್ ಎಷ್ಟು ಸುಲಭ ಎಂಬುದೂ ನನಗೆ ಗೊತ್ತು. ಅವಳನ್ನು ದೂರಿ ಏನೂ ಆಗುವುದಿಲ್ಲ. ಮನೆಯಲ್ಲಿ ಇರುವವರು ಒಂದು ಮೊಟ್ಟೆಯೋ, ಬೇಯಿಸಿದ ಹೆಸರುಕಾಳೋ, ಮುಳ್ಳು ಬಿಡಿಸಿದ ಮೀನಿನ ತುಂಡೋ ಸಂಜೆಯ ಹೊತ್ತಿಗೆ ತೆಗೆದಿಟ್ಟರೆ ಸಾಕು. ಜೊತೆಗೆ ನಾಲ್ಕು ಹನಿ ಲಿಂಬೆ ಹಿಂಡಿ, ಕಬ್ಬಿಣ ಮೈಗೆ ಹತ್ತುತ್ತದೆ. ಮಕ್ಕಳಿಗೆ ಚಾ ಬೇಡ.

ಯಾವಾಗ ಡಾಕ್ಟರ ಹತ್ತಿರ ಹೋಗಬೇಕು? ತಾಯಿ ಕಾರ್ಡಿನ ಗೆರೆಯಲ್ಲಿ ತೂಕ ಇಳಿದರೆ, ತಿಂಗಳುಗಟ್ಟಲೆ ಏರದಿದ್ದರೆ. ಮಣ್ಣು, ಸುಣ್ಣ, ಸೀಮೆಸುಣ್ಣ ತಿಂದರೆ. ನುಂಗುವಾಗ ಕೆಮ್ಮು, ಉಸಿರು ಕಟ್ಟಿದ ಹಾಗೆ ಆದರೆ. ನಾಲ್ಕೈದು ತಿನಿಸು ಬಿಟ್ಟು ಬೇರೇನೂ ಸೇರದೆ, ಅದರಲ್ಲೂ ಒಂದೊಂದೇ ಬಿಟ್ಟುಹೋಗುತ್ತಿದ್ದರೆ, ಮಾತು ಕೂಡ ತಡವಾಗಿದ್ದರೆ. ಇವು ಹಟ ಅಲ್ಲ. ಕಾಯಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ, ಅವರೇ ಮುಂದೆ ಎಲ್ಲಿಗೆ ಎಂದು ಹೇಳುತ್ತಾರೆ.

ನನ್ನ ಸಮಯ ಮುಗಿಯಿತು ಎಂದು ಮೇಷ್ಟ್ರು ಗಡಿಯಾರ ತೋರಿಸುತ್ತಿದ್ದಾರೆ, ಇಪ್ಪತ್ತು ವರ್ಷದ ಹಿಂದೆಯೂ ಹೀಗೇ ತೋರಿಸುತ್ತಿದ್ದರು. ಒಂದು ವಿಷಯ ಹೇಳಿ ಇಳಿಯುತ್ತೇನೆ. ಅಡುಗೆಕೋಣೆಯ ಹಿಂದೆ ಕೈತೊಳೆಯುವ ನೀರು ಸುಮ್ಮನೆ ಹರಿದು ಹೋಗುವ ಜಾಗದಲ್ಲಿ ಬಸಳೆ ಚಪ್ಪರ ಹಾಕುವುದೆಂದು ನಮ್ಮ ಬ್ಯಾಚಿನವರು ತೀರ್ಮಾನಿಸಿದ್ದೇವೆ. ಕಂಬ, ಅಡಿಕೆ ಸಲಾಕೆ ಬಂದಿವೆ. ಬುಡ ತಂದುಕೊಡುವವರು ಬೇಕು. ಯಾರ ಮನೆಯಲ್ಲಿ ಕೆಂಪು ದಂಟಿನ ಬಸಳೆ ಉಂಟು, ಊಟದ ಹೊತ್ತಿಗೆ ನನಗೆ ಹೇಳಿ. ಬುಡ ನೆಡುವುದು ಎಂಟನೇ ಕ್ಲಾಸಿನವರು, ಅಂಗನವಾಡಿಯ ಪುಟಾಣಿಗಳನ್ನು ಕರೆತಂದು ಎಲೆ ಕೊಯ್ಯಿಸುವುದೂ ಅವರೇ.